ಪಟ್ಟಿಯಲ್ಲಿ ಹನ್ನೆರಡನೆಯವಳು

ಸೇಲಂ ವಿಮಾನ ನಿಲ್ದಾಣಕ್ಕೆ ನಮ್ಮ ಕಂಪನಿಯ ವಿಮಾನ ದಿನಕ್ಕೆ ಒಂದೇ ಸಲ ಬರುತ್ತದೆ. ಹನ್ನೊಂದು ಹತ್ತಕ್ಕೆ ಇಳಿಯುತ್ತದೆ, ಇಪ್ಪತ್ತೈದು ನಿಮಿಷ ನಿಲ್ಲುತ್ತದೆ, ಹೊರಟುಹೋಗುತ್ತದೆ. ಮಿಕ್ಕ ಹೊತ್ತೆಲ್ಲ ಅದು ನಾಳೆಯೂ ಬರುತ್ತದೆ ಎಂದು ನಂಬಿಕೊಂಡು ಕೂರುವುದೇ ನಮ್ಮ ಉದ್ಯೋಗ. ನಂಬಿಕೊಂಡು ಕೂರುವ ವಿದ್ಯೆಯಲ್ಲಿ ನನ್ನಷ್ಟು ಪಳಗಿದವರು ನಿಲ್ದಾಣವಿರುವ ಓಮಲೂರಿನ ಸುತ್ತಮುತ್ತ ಯಾರೂ ಇರಲಿಕ್ಕಿಲ್ಲ.

ನನ್ನ ಹೆಸರು ವಾಣಿಶ್ರೀ. ನನ್ನ ಹತ್ತಿರ ವಿಮಾನ ಹಾರಿಸುವ ಲೈಸೆನ್ಸ್ ಇದೆ. ಇನ್ನೂರ ನಾಲ್ಕು ಗಂಟೆ ಹಾರಿಸಿದ್ದೇನೆ, ಲಾಗ್ ಬುಕ್ಕಿನಲ್ಲಿ ಒಂದೊಂದು ಗಂಟೆಗೂ ಸಾಕ್ಷಿ ಇದೆ. ಆದರೆ ಸದ್ಯಕ್ಕೆ ಕೌಂಟರಿನ ಹಿಂದೆ ನಿಂತು ಜನರ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತೇನೆ, ಕಿಟಕಿ ಪಕ್ಕದ ಸೀಟು ಬೇಕೇ ಎಂದು ಕೇಳುತ್ತೇನೆ, ಮೈಕಿನಲ್ಲಿ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಕೂಗುತ್ತೇನೆ. ಸಾಮಾನು ಹೇರುವ ತಮಿಳ್‌ಸೆಲ್ವನ್ ದಿನಾ ಬೆಳಿಗ್ಗೆ ನನಗೊಂದು ಸೆಲ್ಯೂಟ್ ಹೊಡೆದು, "ಎನ್ನ ಕ್ಯಾಪ್ಟನ್ ಮೇಡಂ, ಇನ್ನಿಕ್ಕಿ ಪರಕ್ಕಲಾಮಾ?" ಅನ್ನುತ್ತಾನೆ. ಇವತ್ತು ಹಾರೋಣವೇ ಅಂತ. ಮೊದಮೊದಲು ನಗುತ್ತಿದ್ದೆ. ಆಮೇಲೆ ನಗುವ ಹಾಗೆ ಮುಖ ಮಾಡುವುದನ್ನು ಕಲಿತೆ.

ಕಳೆದ ವರ್ಷ ಈ ಕಂಪನಿ ಸಣ್ಣ ಊರುಗಳ ವಿಮಾನಗಳಿಗೆ ಪೈಲಟ್‌ಗಳನ್ನು ತೆಗೆದುಕೊಳ್ಳುತ್ತೇವೆ ಎಂದಿತು. ಬರೆಯುವ ಪರೀಕ್ಷೆ, ಸಿಮ್ಯುಲೇಟರ್ ಪರೀಕ್ಷೆ, ಇಂಟರ್‌ವ್ಯೂ ಎಲ್ಲ ಮುಗಿದ ಮೇಲೆ ಹದಿನೇಳು ಜನರ ಪಟ್ಟಿ ಮಾಡಿತು. ನಾನು ಹನ್ನೆರಡನೆಯವಳು. ನೀವು ಪಾಸಾಗಿದ್ದೀರಿ, ಜಾಗ ಖಾಲಿಯಾದ ಹಾಗೆ ಪಟ್ಟಿಯ ಪ್ರಕಾರ ಕರೆಯುತ್ತೇವೆ, ಪಟ್ಟಿಗೆ ಒಂದು ವರ್ಷ ಆಯುಸ್ಸು ಎಂದು ಮೇಲ್ ಬಂತು. ಅದನ್ನು ಮೆಟ್ಟೂರಿನಲ್ಲಿದ್ದ ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ. ಅಷ್ಟೆಲ್ಲದರಲ್ಲಿ ಅವಳ ಕಿವಿಗೆ ಬಿದ್ದದ್ದು ಒಂದೇ ಮಾತು, ಲಿಸ್ಟ್.

ಅದು ಅವಳ ತಪ್ಪಲ್ಲ. ನಮ್ಮಪ್ಪ ಶಿವರಾಮ ಮೆಟ್ಟೂರು ಥರ್ಮಲ್ ವಿದ್ಯುತ್ ಸ್ಥಾವರದ ಕಲ್ಲಿದ್ದಲು ವಿಭಾಗದಲ್ಲಿದ್ದವರು. ಆ ಕಾಲದಲ್ಲಿ ಲಿಸ್ಟಿನಲ್ಲಿ ಹೆಸರು ಬಂದರೆ ಕೆಲಸದ ಆರ್ಡರ್ ಬಂದಂತೆಯೇ ಲೆಕ್ಕ. ಮೂರು ತಿಂಗಳೋ ಆರು ತಿಂಗಳೋ, ಬರುವುದಂತೂ ಬರುತ್ತದೆ. ಕಾರಿಮಂಗಲಂ ಕಡೆಯ ನಮ್ಮಜ್ಜ ಆ ಲಿಸ್ಟನ್ನು ನೋಡಿಯೇ ಅಪ್ಪನಿಗೆ ಹೆಣ್ಣು ಕೊಟ್ಟದ್ದು. ಆರ್ಡರ್ ಕೈಗೆ ಬಂದಾಗ ಅವ್ವ ಮದುವೆಯಾಗಿ ಎರಡು ತಿಂಗಳಾಗಿತ್ತಂತೆ. ಒಂದು ಲಿಸ್ಟನ್ನು ನಂಬಿ ಇಡೀ ಬದುಕು ಬದುಕಿದವಳಿಗೆ, ಈ ಲಿಸ್ಟು ಬೇರೆ ಥರದ್ದು ಎಂದು ಹೇಗೆ ತಿಳಿಯಬೇಕು?

ಅಪ್ಪ ತೀರಿಕೊಂಡು ನಾಲ್ಕು ವರ್ಷ. ನಾನು ಮೊದಲ ಸಲ ಒಬ್ಬಳೇ ವಿಮಾನ ಹಾರಿಸಿದ ಫೋಟೋ ನೋಡಿಕೊಂಡೇ ಹೋದರು. ಆವತ್ತಿನಿಂದ ಅವ್ವನಿಗೊಂದು ಹರಕೆ ಇತ್ತು. ಪಾಪನಿಗೆ, ಅಂದರೆ ನನಗೆ, ಕೆಲಸ ಸಿಕ್ಕಿದ ಮೇಲೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಡುತ್ತೇನೆ ಅಂತ. ನಾನು ಮೇಲ್ ಓದಿ ಹೇಳಿದ್ದು ಗುರುವಾರ. ಸೋಮವಾರ ಅವಳು ವಿಡಿಯೋ ಕಾಲ್ ಮಾಡಿದಾಗ ತಲೆ ನುಣ್ಣಗಿತ್ತು, ಮೇಲೆ ಗಂಧ ಹಚ್ಚಿತ್ತು. ಸೊಂಟದವರೆಗೆ ಇದ್ದ ಕೂದಲು ಹೋಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಹಾಗೆ.

"ಅವ್ವಾ, ಇನ್ನೂ ಕರೆದಿಲ್ಲ ಕಣವ್ವಾ," ಅಂದೆ.

"ಲಿಸ್ಟಲ್ಲಿ ಬಂದೈತಲ್ಲ! ಕರೀದೆ ಎಲ್ ಓದಾರು?" ಅಂದು ನಕ್ಕಳು.

ಅವ್ವ ಸರ್ಕಾರಿ ಶಾಲೆಯ ಮಧ್ಯಾಹ್ನದ ಊಟದ ಅಡುಗೆಯವಳು. ಶಾಲೆಯ ಮಕ್ಕಳೆಲ್ಲ ಅವಳನ್ನು ಮೊಟ್ಟೈ ಆಯಾ ಎಂದು ಕರೆಯತೊಡಗಿದರು, ಬೋಳು ತಲೆಯ ಆಯಾ. ಅವಳು ಸಾಂಬಾರು ಬಡಿಸುತ್ತಾ, ಮೊಟ್ಟೈ ಯಾಕೆ ಗೊತ್ತಾ, ನನ್ನ ಮಗಳು ಪೈಲಟ್ಟು ಎಂದು ಎಲ್ಲರಿಗೂ ಹೇಳಿದಳು. ನಾನು ಮನೆಗೆ ಹೋದಾಗ ಒಂದು ಹಳೇ ಪೌಡರ್ ಡಬ್ಬಿ ಕೈಗಿಟ್ಟಳು. ಅದರ ತುಂಬ ಅವಳ ತಲೆಪಿನ್ನುಗಳು.

"ನಂಗ್ಯಾಕೆ ಈಗ? ಕೂದ್ಲು ಬೆಳ್ಯೋಗಂಟ ನೀನೇ ಇಟ್ಕ."

ಎರಡು ತಿಂಗಳಾದ ಮೇಲೆ ಕಂಪನಿ ಸೇಲಂಗೆ ವಿಮಾನ ಶುರುಮಾಡಿತು. ಪಟ್ಟಿಯಲ್ಲಿರುವವರು ಬೇಕಿದ್ದರೆ ನಿಲ್ದಾಣದ ಕೆಲಸಕ್ಕೆ ಸೇರಬಹುದು ಎಂದರು. ಕಣ್ಣೆದುರಿಗೆ ಇದ್ದರೆ ಮರೆಯುವುದಿಲ್ಲ ಎಂದುಕೊಂಡು ಸೇರಿದೆ. ತಾರಮಂಗಲಂನಲ್ಲಿ ದೇವಸ್ಥಾನದ ಹಿಂದೆ ಒಂದು ರೂಮು ಹಿಡಿದೆ. ಕೌಂಟರಿನವರು ಕೂದಲನ್ನು ಗಂಟು ಕಟ್ಟಿ ಬಲೆ ಹಾಕಬೇಕೆಂದು ನಿಯಮ. ಅವ್ವನ ಪಿನ್ನುಗಳು ನನ್ನ ಗಂಟಿಗೆ ಬಂದವು.

ಮೊದಲು ಅವ್ವ ದಿನಾ ಸಂಜೆ ಫೋನ್ ಮಾಡುತ್ತಿದ್ದಳು. ಉಂಡೆಯಾ ಎಂದು ಕೇಳುವ ಮುಂಚೆ ಆರ್ಡರ್ ಬಂತಾ ಎಂದು ಕೇಳುತ್ತಿದ್ದಳು. ನಾನು ಎಣಿಸಿ ಹೇಳುತ್ತಿದ್ದೆ. ನಾಲ್ಕನೆಯವರ ತನಕ ಕರೆದರು ಅವ್ವಾ. ಏಳನೆಯವರ ತನಕ ಕರೆದರು ಅವ್ವಾ. ಆಮೇಲೆ ಏಳರಲ್ಲೇ ನಿಂತಿತು. ಅವಳು ಕೇಳುತ್ತಲೇ ಇದ್ದಳು, ಇನ್ನೂ ಏಳೇ ಅವ್ವಾ ಎನ್ನಲು ನನಗೆ ರೇಗುತ್ತಿತ್ತು. ಒಂದು ದಿನ, "ಬಂದ್ರೆ ನಾನೇ ಹೇಳಲ್ವಾ? ದಿನಾ ಅದೇ ರಾಗ!" ಎಂದು ಗದರಿಬಿಟ್ಟೆ. ಅದಾದ ಮೇಲೆ ಅವಳು ಕೇಳುವುದನ್ನು ಬಿಟ್ಟಳು. ಫೋನೂ ಕಡಿಮೆಯಾಯಿತು. ವಾರಕ್ಕೊಂದು ಸಲ, ಅದೂ ಎರಡು ನಿಮಿಷ.

ಕೇಳಿದರೆ ಸಿಟ್ಟು ಬರುತ್ತಿತ್ತು ನಿಜ. ಕೇಳದಿದ್ದಾಗ ಎದೆ ಖಾಲಿಯಾಯಿತು. ನನ್ನ ಮೇಲಿನ ನಂಬಿಕೆಯೇ ಅವಳಿಗೆ ಹೋಯಿತೆಂದುಕೊಂಡೆ. ಇನ್ನೊಂದು ಮಾತು. ಹಗಲೆಲ್ಲ ನನ್ನದು ತಮಿಳು, ಇಂಗ್ಲಿಷು. ಕನ್ನಡದಲ್ಲಿ ಮಾತಾಡಲು ನನಗಿದ್ದವಳು ಅವ್ವ ಒಬ್ಬಳೇ. ವಾರಗಟ್ಟಲೆ ಬಾಯಲ್ಲಿ ಒಂದು ಕನ್ನಡ ಮಾತೂ ಹೊರಡದೆ ಇರುತ್ತಿತ್ತು. ರೂಮಿನಲ್ಲಿ ಅನ್ನ ಸೀದರೆ ಮಾತ್ರ ಅಯ್ಯೋ ಶಿವನೇ ಎನ್ನುತ್ತಿದ್ದೆ, ಅದನ್ನು ಕೇಳಿಸಿಕೊಂಡು ನನಗೇ ಸಂಕೋಚವಾಗುತ್ತಿತ್ತು.

ಹತ್ತನೆಯ ತಿಂಗಳಲ್ಲಿ ಒಂದು ದಿನ ವಿಮಾನ ಬಂತು. ಎಷ್ಟು ಜನ, ಎಷ್ಟು ತೂಕ ಎಂದು ಬರೆದ ಹಾಳೆಯನ್ನು ಕ್ಯಾಪ್ಟನ್ನಿನ ಸಹಿಗೆ ಒಯ್ಯುವುದು ನನ್ನ ಕೆಲಸ. ಕಾಕ್‌ಪಿಟ್ಟಿನ ಬಾಗಿಲಲ್ಲಿ ನಿಂತು ಹಾಳೆ ಚಾಚಿದೆ. ಬಲಗಡೆಯ ಸೀಟಿನಲ್ಲಿ, ಕೋ-ಪೈಲಟ್ಟಿನ ಜಾಗದಲ್ಲಿ, ಇದ್ದವಳು ತಿರುಗಿದಳು. ಕಲೈಸೆಲ್ವಿ. ಇಂಟರ್‌ವ್ಯೂ ದಿನ ನಾನೂ ಅವಳೂ ಒಂದೇ ಡಬ್ಬಿಯಿಂದ ಪುಳಿಯೋಗರೆ ತಿಂದಿದ್ದೆವು. ಪಟ್ಟಿಯಲ್ಲಿ ಅವಳು ಒಂಬತ್ತನೆಯವಳು. ಏಳರ ಆಚೆ ಇನ್ನಿಬ್ಬರನ್ನು ಕರೆದದ್ದು ನನಗೆ ಗೊತ್ತೇ ಆಗಿರಲಿಲ್ಲ.

"ವಾಣಿ! ನೀನು ಇಲ್ಲಿ?" ಎಂದು ತಮಿಳಿನಲ್ಲಿ ಕೂಗಿದಳು. ಖುಷಿ ಮುಖದ ಮೇಲೆ ಬಂದಷ್ಟೇ ಬೇಗ ಇಳಿಯಿತು. ಅವಳ ಭುಜದ ಮೇಲೆ ಪೈಲಟ್ಟಿನ ಎರಡು ಪಟ್ಟೆ, ನನ್ನ ಕುತ್ತಿಗೆಯಲ್ಲಿ ಕೌಂಟರಿನ ಸ್ಕಾರ್ಫ್.

ಕ್ಯಾಪ್ಟನ್ ಸಹಿ ಹಾಕುವಷ್ಟರಲ್ಲಿ ಅವಳು ತಗ್ಗಿದ ದನಿಯಲ್ಲಿ ಹೇಳಿದಳು, "ಇನ್ನು ನಮ್ಮ ಲಿಸ್ಟಿನಿಂದ ತೆಗೆಯುವುದಿಲ್ಲವಂತೆ. ಬರಬೇಕಾದ ಹೊಸ ವಿಮಾನಗಳೇ ಬಂದಿಲ್ಲ. ನಿನಗೆ ಯಾರಾದರೂ ಹೇಳಿದರಾ?"

"ಹೇಳಿದ್ರು," ಅಂದೆ. ಯಾರೂ ಹೇಳಿರಲಿಲ್ಲ.

ಹಾಳೆ ತೆಗೆದುಕೊಂಡು ಇಳಿದೆ. ರೆಕ್ಕೆಯ ಪಂಖಗಳು ತಿರುಗತೊಡಗಿದವು. ಅವಳು ಕಿಟಕಿಯಿಂದ ಕೈ ಬೀಸಿದಳು, ನಾನೂ ಬೀಸಿದೆ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳು ಇನ್ನೊಂದು ಐದು ನಿಮಿಷ ನನ್ನ ಹತ್ತಿರ ಮಾತಾಡಿದ್ದರೆ ಸಾಕಿತ್ತು ಎಂಬ ಆಸೆಯೂ ಅಷ್ಟೇ ನಿಜ.

ವರ್ಷ ತುಂಬಿದ ಶನಿವಾರ ಬೆಳಿಗ್ಗೆ ಮೇಲ್ ಬಂತು. ಪಟ್ಟಿಯ ಅವಧಿ ಮುಗಿದಿದೆ, ಆಸಕ್ತರು ಮುಂದಿನ ಸಲ ಹೊಸದಾಗಿ ಅರ್ಜಿ ಹಾಕಬಹುದು, ಶುಭಾಶಯಗಳು. ನಾಲ್ಕು ಸಾಲು. ಓದಿ ಮುಗಿಸಿ ಪ್ರಯಾಣಿಕರೊಬ್ಬರಿಗೆ ಕಿಟಕಿ ಪಕ್ಕದ ಸೀಟು ಕೊಟ್ಟೆ.

ಇದನ್ನು ಫೋನಿನಲ್ಲಿ ಹೇಳಲು ಧೈರ್ಯ ಸಾಲಲಿಲ್ಲ. ಕೂದಲು ಕೊಟ್ಟವಳಿಗೆ ಮುಖ ಕೊಟ್ಟಾದರೂ ಹೇಳಬೇಕು. ಭಾನುವಾರ ರಜಾ ಹಾಕಿ, ಓಮಲೂರಿನಲ್ಲಿ ಬಸ್ಸು ಹತ್ತಿ ಮೆಟ್ಟೂರಿಗೆ ಹೋದೆ. ಮೇಚೇರಿ ದಾಟುವಾಗ ಹೇಗೆ ಹೇಳಲಿ ಎಂದು ಮೂರು ಥರ ಮಾತು ಕಟ್ಟಿದೆ, ಬಸ್‌ಸ್ಟಾಂಡಿನಲ್ಲಿ ಇಳಿಯುವಾಗ ಮೂರೂ ಮರೆತಿದ್ದವು.

ಅವ್ವ ಹೊಸ್ತಿಲ ಹತ್ತಿರ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ನಾನು ಬಂದು ನಾಲ್ಕು ತಿಂಗಳಾಗಿತ್ತು. ಕೂದಲು ಕುತ್ತಿಗೆಯ ತನಕ ಬೆಳೆದಿತ್ತು. ಕಟ್ಟುವಷ್ಟು ಉದ್ದವಿಲ್ಲ, ಬಿಡುವಷ್ಟು ಗಿಡ್ಡವಿಲ್ಲ, ಮೊರ ಆಡಿಸಿದಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು. ಅವಳು ಮಣಿಕಟ್ಟಿನಿಂದ ಅದನ್ನು ಹಿಂದಕ್ಕೆ ತಳ್ಳಿದಳು. ಆಗ ಮೊಣಕೈ ಕಂಡಿತು. ಎರಡೂ ಮೊಣಕೈ ತರಚಿ, ಕಪ್ಪಗೆ ಹಕ್ಕಳೆ ಕಟ್ಟಿತ್ತು.

"ಕೈಗೇನಾಯ್ತವ್ವಾ?"

"ಇಸ್ಕೂಲಲ್ಲಿ ಜಾರ್ದೆ."

"ಎರಡೂ ಕೈ ಒಂದೇ ಸಲ ಜಾರ್ತಾವಾ?"

ಅವಳು ಮೊರ ಕೆಳಗಿಟ್ಟಳು. ಅಕ್ಕಿಯಲ್ಲಿ ಇಲ್ಲದ ಕಲ್ಲನ್ನು ಹುಡುಕಿದಳು.

"ಬೆಟ್ಟುಕ್ ಓಗಿದ್ದೆ. ಉರುಳು ಸೇವೆ ಮಾಡ್ದೆ."

"ಯಾವಾಗ?"

"ಅಮಾಸೆ ಅಮಾಸೆಗೂ ಓಯ್ತೀನಿ. ಆರ್ ತಿಂಗ್ಳಾತು."

ಐವತ್ತನಾಲ್ಕು ವರ್ಷದ ಹೆಂಗಸು. ಒಬ್ಬಳೇ ಬಸ್ಸಿನಲ್ಲಿ ಪಾಲಾರು ಗಡಿ ದಾಟಿ ಬೆಟ್ಟ ಹತ್ತಿ, ಒದ್ದೆ ಸೀರೆಯಲ್ಲಿ ಕಲ್ಲು ಹಾಸಿನ ಮೇಲೆ ಗುಡಿ ಸುತ್ತ ಉರುಳಿ, ಒಬ್ಬಳೇ ವಾಪಸ್ಸು ಬಂದು, ಮಾರನೆಯ ದಿನ ಮಕ್ಕಳಿಗೆ ಸಾಂಬಾರು ಬಡಿಸಿದ್ದಾಳೆ. ಯಾಕೆ ಎಂದು ಕೇಳಿದೆ.

"ನಂದೇ ತಪ್ಪು ಪಾಪಾ. ಕೆಲ್ಸ ಸಿಕ್ಕುದ್ಮೇಲೆ ಮುಡಿ ಅಂತ ಅಲ್ವಾ ಏಳ್ಕಂಡಿದ್ದು? ಅವ್ನು ಕೊಡಾಕ್ ಮುಂಚೇನೇ ದುಡುಕ್ಬುಟ್ಟು ಕೊಟ್ಬುಟ್ಟೆ. ಅವ್ನಿಗೆ ಅವ್ಮಾನ ಆಗೈತೆ. ಅದ್ಕೇ ನಿನ್ ಆರ್ಡರ್ನ ಇಡ್ಕಂಡವ್ನೆ. ದಿನಾ ದಿನಾ ಕೇಳುದ್ರೆ ಇನ್ನೂ ಕ್ವಾಪ ಮಾಡ್ಕತ್ತಾನೆ ಅಂತ ನಿನ್ನೂ ಕೇಳಾದ್ ಬಿಟ್ಟೆ. ತಪ್ಪಾಯ್ತಪ್ಪ ಅಂತ ಉರುಳ್ತಾ ಇವ್ನಿ."

ನನಗೆ ಅಳು ಬರಬೇಕಿತ್ತು. ಸಿಟ್ಟು ಬಂತು. ಎಲ್ಲೋ ಒಂದು ಕಾರ್ಖಾನೆಯಲ್ಲಿ ವಿಮಾನ ತಯಾರಾಗುವುದು ತಡವಾಯಿತು, ಎಲ್ಲೋ ಒಂದು ಎಸಿ ರೂಮಿನಲ್ಲಿ ಯಾರೋ ಒಂಬತ್ತು ಸಾಕು ಎಂದರು. ಅದಕ್ಕೆ ಮೆಟ್ಟೂರಿನ ಅಂಕಮ್ಮ, ನನ್ನ ಅವ್ವ, ಕಲ್ಲಿನ ಮೇಲೆ ಉರುಳಿದಳು. ನಾನು ಅತ್ತ ತಾರಮಂಗಲಂನಲ್ಲಿ ಕೂತು, ಅವ್ವ ನನ್ನನ್ನು ಬಿಟ್ಟುಹಾಕಿದಳು ಎಂದು ಕೊರಗುತ್ತಿದ್ದೆ. ಇಬ್ಬರೂ ಒಂದೇ ಕಾಗದಕ್ಕೆ ಬೇರೆ ಬೇರೆ ಮನೆಯಲ್ಲಿ ಕೂತು ಕಾದಿದ್ದೆವು.

"ಲಿಸ್ಟ್ ಮುಗಿದುಹೋಯ್ತವ್ವಾ," ಅಂದೆ. "ನಿನ್ನೆ ಮೇಲ್ ಬಂತು. ಕೆಲಸ ಇಲ್ಲ."

ಅವಳ ಕೈ ಅಕ್ಕಿಯ ಮೇಲೆ ಹಾಗೇ ನಿಂತಿತು. ನಾನು ಹೇಳುತ್ತಾ ಹೋದೆ. ಹೊಸ ವಿಮಾನ ಬರಲಿಲ್ಲ, ವಿಮಾನವಿಲ್ಲದೆ ಪೈಲಟ್ ಯಾಕೆ ಬೇಕು, ಒಂಬತ್ತಕ್ಕೇ ನಿಲ್ಲಿಸಿದರು, ನನ್ನ ಹಿಂದೆ ಇನ್ನೂ ಐದು ಜನ ಇದ್ದರು, ಅವರ ಅವ್ವಂದಿರು ಯಾರೂ ಮುಡಿ ಕೊಟ್ಟಿರಲಿಲ್ಲ, ಅವರನ್ನೂ ಕರೆಯಲಿಲ್ಲ. ಮಾದಪ್ಪನಿಗೂ ಇದಕ್ಕೂ ಸಂಬಂಧವೇ ಇಲ್ಲ.

"ಅಂಗಾದ್ರೆ ನನ್ ತಪ್ಪಲ್ವಾ?"

"ಅಲ್ಲವ್ವಾ."

"ಮತ್ತೆ ಯಾರ್ ತಪ್ಪು?"

"ಯಾರದ್ದೂ ಅಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ಯಾರ್ ತಪ್ಪೂ ಇಲ್ದೆ ಇಂಗಾಯ್ತದಾ?"

ಕೂದಲು ಮತ್ತೆ ಅವಳ ಕಣ್ಣಿಗೆ ಬಿತ್ತು. ನನ್ನ ಗಂಟಿನಿಂದ ಒಂದು ಪಿನ್ನು ಕಿತ್ತು, ಅವಳ ಕೂದಲನ್ನು ಹಿಂದಕ್ಕೆ ಸರಿಸಿ ಸಿಕ್ಕಿಸಿದೆ. ಅವಳು ಮುಟ್ಟಿ ನೋಡಿಕೊಂಡಳು. ಅತ್ತದ್ದು ಆಮೇಲೆ, ಮೊದಲು ಅವಳು, ನಂತರ ನಾನು.

ಸಂಜೆ ಬಸ್ಸು ಹತ್ತಿಸುವಾಗ ಕೇಳಿದಳು, "ತಿರುಗ ಅರ್ಜಿ ಆಕ್ತೀಯಾ?"

"ಹಾಕ್ತೀನಿ. ಇನ್ನೊಂದು ಕಂಪನಿ ಅರ್ಜಿ ಕರೆದಿದೆ. ಸಣ್ಣದು."

"ಆಕು. ಆದ್ರೆ ಈ ಸಲ ನಂಗೇಳ್ಬ್ಯಾಡ. ಪ್ಲೇನ್ ಒಳಗ್ ಕೂತ್ಮೇಲೆ ನಂಗೇಳು. ನಾನು ತಿಳ್ಕಂಡು ಏನಾರಾ ಎಡ್ವಟ್ ಮಾಡ್ಬುಡ್ತೀನಿ."

ಆಯ್ತು ಅಂದೆ. ಬಸ್ಸು ಹೊರಟ ಮೇಲೆ ಆ ಮಾತು ಅರ್ಥವಾಯಿತು. ನನ್ನ ಒಳ್ಳೆಯದಕ್ಕೇ ಅವಳು ದೂರ ನಿಂತಿದ್ದಳು. ಮುಂದಿನ ಪಟ್ಟಿಗೆ ನಾನೊಬ್ಬಳೇ ಕಾಯಬೇಕು.

ಸೋಮವಾರ ವಿಮಾನ ಬಂತು, ಹೋಯಿತು. ಬಲಗಡೆಯ ಸೀಟಿನಲ್ಲಿ ನನಗೆ ಗೊತ್ತಿಲ್ಲದ ಯಾರೋ ಇದ್ದರು. ಹಾಲ್ ಖಾಲಿಯಾಯಿತು. ಪ್ರಯಾಣಿಕರ ಕುರ್ಚಿಯ ಮೇಲೆ ಕೂತು ಫೋನಿನಲ್ಲಿ ಹೊಸ ಕಂಪನಿಯ ಅರ್ಜಿ ತುಂಬಿದೆ. ಹಾರಿಸಿದ ಗಂಟೆ, ಇನ್ನೂರ ನಾಲ್ಕು. ಒಂದು ನಿಮಿಷವೂ ಬೆಳೆದಿರಲಿಲ್ಲ. ಕಳಿಸು ಎಂಬಲ್ಲಿ ಒತ್ತಿದೆ. ಆ ಖಾಲಿ ಹಾಲಿನಲ್ಲಿ ಸುಮ್ಮನೆ ಕೂರಲು ನೋಡಿದೆ. ಹತ್ತು ನಿಮಿಷವೂ ಆಗಲಿಲ್ಲ, ಅವ್ವನಿಗೆ ಫೋನ್ ಮಾಡಿದೆ. ಅತ್ತ ಕಡೆ ಪಾತ್ರೆಗಳ ಸದ್ದು, ಮಕ್ಕಳ ಗಲಾಟೆ.

"ಅವ್ವಾ, ಅರ್ಜಿ ಹಾಕ್ದೆ."

"ಏಳ್ಬ್ಯಾಡ ಅಂದಿದ್ನಲ್ಲೇ!"

"ಒಬ್ಬಳೇ ಕಾಯಕ್ಕಾಗಲ್ಲವ್ವಾ."

ಯಾವುದೋ ಮಗು ಇನ್ನೊಂದು ಸೌಟು ಸಾಂಬಾರು ಕೇಳಿತು, ಅವಳು ಬಡಿಸಿದ್ದು ಕೇಳಿಸಿತು.

"ಸರಿ," ಅಂದಳು ಆಮೇಲೆ. "ಇಬ್ರೂ ಕಾಯಾಣ. ಮಾದಪ್ಪಂಗ್ ಮಾತ್ರ ಏಳಾದ್ ಬ್ಯಾಡ."