ಮೆತ್ತನೆ ಹುಳ

ವಿಸ್ಕಿ ಪಾಕೀಟಿನ ಮೂಲೆಯನ್ನು ಹರಿಯಲು ಬೋರಯ್ಯ ಹಲ್ಲಿಗಿಟ್ಟಾಗ ಅಂಕಮ್ಮ ಅವನ ಮಣಿಕಟ್ಟು ಹಿಡಿದಳು. ಮದುವೆಯಾದಂದಿನಿಂದ ಅವಳು ಗಂಡನ ಅಣ್ಣನಾದ ಅವನ ಎದುರು ನಿಂತು ಮಾತಾಡಿದವಳಲ್ಲ. ಗುಂಡಿಯಲ್ಲಿ ಅವಳ ಗಂಡ ತಿಮ್ಮಯ್ಯ ಮಲಗಿದ್ದ. ಪಕ್ಕದಲ್ಲಿ ಎಲೆಅಡಿಕೆ, ಕನ್ನಡಕ ಇಟ್ಟಾಗಿತ್ತು. ಸತ್ತವರಿಗೆ ಇಷ್ಟವಾದದ್ದನ್ನು ಜೊತೆಗೆ ಕಳಿಸುವುದು ಆ ಮನೆತನದ ರೂಢಿ.

"ಬ್ಯಾಡ ಬಾವ. ಅವ್ರು ಕುಡೀತಿರ್ನಿಲ್ಲ."

"ಸುಮ್ಕಿರವ್ವ. ನನ್ ತಮ್ಮ ಕಣವ್ವ. ಪಕ್ಕ ಕುಂತ್ರೆ ವಾಸ್ನೆ ಗೊತ್ತಾಯ್ತಿರ್ನಿಲ್ವಾ? ಇವತ್ತು ಯಾರ್ ಬೈತಾರೆ? ಕುಡ್ಕಂಡೇ ಓಗ್ಲಿ ಬುಡು."

ಸುತ್ತ ನಿಂತವರು ತಲೆಯಾಡಿಸಿದರು. ತಿಮ್ಮಯ್ಯ ಮೇಷ್ಟ್ರು ಯಾರಿಗೂ ಕೇಡು ಬಗೆದವರಲ್ಲ, ಅದೊಂದು ಚಟವಿತ್ತು ಅಷ್ಟೆ ಎಂದು ಯಾರೋ ಹೇಳಿದರು.

*

ಮದುವೆಯಾದ ಹೊಸತರಲ್ಲಿ ಅಂಕಮ್ಮನಿಗೂ ಅದೇ ಅನುಮಾನ. ಭಾರತೀನಗರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ತಿಮ್ಮಯ್ಯ, ಬರುವ ದಾರಿಯಲ್ಲಿ ಕಬ್ಬಿನ ಗದ್ದೆಯ ಬದುವಿಗಿಳಿದು, ಸ್ಪಿರಿಟ್ಟಿನ ವಾಸನೆ ಹೊತ್ತು ಮನೆ ಸೇರುತ್ತಿದ್ದ. ಒಂದು ಸಂಜೆ ಅವಳು ಅವನ ಚೀಲ ಸುರಿದಳು. ಬೆರಳುದ್ದದ ಸೀಸೆಗಳು, ಒಂದೊಂದರಲ್ಲೂ ಸ್ಪಿರಿಟ್ಟಿನಲ್ಲಿ ಮುಳುಗಿದ ಒಂದು ಹುಳ. ಗಟ್ಟಿ ಚಿಪ್ಪಿನವಾದರೆ ಸೂಜಿ ಚುಚ್ಚಿ ಒಣಗಿಸಬಹುದು, ಇವುಗಳ ಮೈ ಮೆತ್ತಗೆ, ಒಣಗಿದರೆ ಸುಕ್ಕುಗಟ್ಟಿ ಆಕಾರವೇ ಉಳಿಯದು ಎಂದ. ಯಾವ ಜಾತಿ ಎಂದು ಕೇಳಿದಳು. ತಜ್ಞರಲ್ಲಿ ಒಬ್ಬರು ಮಿಣುಕುಹುಳದ ಕುಟುಂಬಕ್ಕೆ ಸೇರಿಸುತ್ತಾರೆ, ಇನ್ನೊಬ್ಬರು ಹೊರಗೆ ಹಾಕುತ್ತಾರೆ, ಸರಿಯಾಗಿ ನೋಡಿದವರೇ ಕಡಿಮೆ ಎಂದ.

"ಊರ್ನೋರ್ಗೆ ಯೋಳಿ ಮತ್ತೆ. ಕುಡುಕ ಅಂತಾವ್ರೆ."

"ಕುಡುಕ ಅಂದ್ರೆ ಅವ್ರಿಗೆ ಅರ್ಥ ಆಯ್ತದೆ. ಉಳ ಇಡೀತೀನಿ ಅಂದ್ರೆ ತಲೆ ಕೆಟ್ಟದೆ ಅಂತಾರೆ. ಬುಡು."

ಅವಳು ಬಿಟ್ಟಿದ್ದಳು.

*

ಈಗ ಬಿಡಲಿಲ್ಲ. ಗುಂಡಿಗಿಡಲೆಂದು ಸೆರಗಿಗೆ ಕಟ್ಟಿ ತಂದಿದ್ದ ಸೀಸೆಯನ್ನು ಬಾವನ ಅಂಗೈಗಿಟ್ಟಳು.

"ಇದ್ರ ವಾಸ್ನೆ ಅದು. ಮೂಸಿ ನೋಡಿ."

ಬೋರಯ್ಯ ಬಿರಡೆ ಕಿತ್ತು ಮೂಸಿದ. ತಮ್ಮನ ಮುಖ ನೋಡಿದ. ಮತ್ತೊಮ್ಮೆ ಮೂಸಿದ. ಪಾಕೀಟು ಜೇಬು ಸೇರಿತು.

"ಏನುಳ ಇದು?"

"ಗೊತ್ತಿಲ್ಲ. ಅವ್ರಿಗೂ ಗೊತ್ತಿರ್ನಿಲ್ಲ."

ಸೀಸೆ ಕೈಯಿಂದ ಕೈಗೆ ಹೋಯಿತು. ಬೀದಿಯ ಹಿರಿಯಳು ಚಿಕ್ಕಬೋರಮ್ಮ ಮಿಣುಕುಹುಳವೇ ಎಂದು ತೀರ್ಪು ಕೊಟ್ಟಳು.

"ದೀಪ ಎಲ್ಲದಮ್ಮೋ? ಬಾಲ ನೋಡು," ಎಂದ ಗುಂಡಿ ತೋಡಿದ ಮರಿಸಿದ್ದಯ್ಯ.

"ಸತ್ಮೇಲೆ ದೀಪ ಉರೀತದೇನ್ಲಾ?"

ರೆಕ್ಕೆ ಗಿಡ್ಡ, ಹೆಣ್ಣಿರಬೇಕು ಎಂದರು ಯಾರೋ. ತಮ್ಮ ಬದುವಿನಲ್ಲಿ ಇಂಥದ್ದೇ ಕೆಂಪಗಿನದಿದೆ ಎಂದರು ಮತ್ತೊಬ್ಬರು. ಹಾಕಬೇಕಿದ್ದ ಹಿಡಿ ಮಣ್ಣು ಎಲ್ಲರ ಮುಷ್ಟಿಯಲ್ಲೇ ಉಳಿದಿತ್ತು. ಬೋರಯ್ಯ ಸೀಸೆಯನ್ನು ವಾಪಸ್ಸು ಇಸಿದುಕೊಂಡು, ಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿದ.