ಕರಿನೀರು ದಾಟಿದ ಬಳಿ

ವಾರಿಜಾಕ್ಷಿಯ ಕುತೂಹಲಕ್ಕೆ ಮಸ್ಕತ್ತಿನ ಹಮ್ರಿಯಾ ಬಡಾವಣೆ ಇಡೀ ಸಾಲುತ್ತಿರಲಿಲ್ಲ. ತುಳುವರು ಯಾರೇ ಕಣ್ಣಿಗೆ ಬೀಳಲಿ, ಊರು ಕೇಳಿ, ಮನೆ ಕೇಳಿ, ಕೊನೆಗೆ ಬಳಿ ಕೇಳಿಯೇ ಬಿಡುವವಳು. ಬಳಿ ಎಂದರೆ ತಾಯಿಯಿಂದ ಮಕ್ಕಳಿಗೆ ಬರುವ ಕುಲದ ಹೆಸರು. ಒಂದೇ ಬಳಿಯವರು ಒಡಹುಟ್ಟಿದವರ ಲೆಕ್ಕ. ಅವರಲ್ಲಿ ಮದುವೆಯ ಮಾತೇ ಇಲ್ಲ.

೧೯೮೮ರ ಒಂದು ಶುಕ್ರವಾರ ತಮ್ಮ ಭೋಜರಾಜ, ತಾನು ಮದುವೆಯಾಗಬೇಕೆಂದಿದ್ದ ನರ್ಸ್ ರತ್ನಪ್ರಭಾಳನ್ನು ಊಟಕ್ಕೆ ಕರೆತಂದ. ಪೋರ್ಟ್ ಬ್ಲೇರ್‌ನವಳು, ಮನೆಮಾತು ಹಿಂದಿ. ಬಳಿ ಹೊಂದುತ್ತದೋ ಇಲ್ಲವೋ ಎಂಬ ಚಿಂತೆಯೇ ಇಲ್ಲವೆಂದು ವಾರಿಜಾಕ್ಷಿಗೆ ನಿರಾಳವಾಗಿತ್ತು. ಹುಡುಗಿ ತುಂಬ ಹಿಡಿಸಿದ್ದಳು. ಮೂವತ್ತೈದು ದಾಟಿದ ತಮ್ಮನಿಗೆ ಕೊನೆಗೂ ಒಂದು ನೆಲೆಯಾಯಿತೆಂದುಕೊಂಡಳು.

ಊಟವಾದ ಮೇಲೆ ಭೋಜರಾಜ ಚಹಾ ಮಾಡಲು ಒಳಗೆ ಹೋದ. ಆಗ ರತ್ನಪ್ರಭಾ, ತನ್ನ ತಾಯಿಯ ಅಜ್ಜಿಯೂ ಮಂಗಳೂರು ಕಡೆಯವಳೇ ಎಂದಳು. ವಾರಿಜಾಕ್ಷಿಯ ಕಿವಿ ನೆಟ್ಟಗಾಯಿತು. ಆಕೆ ಅಂಡಮಾನಿಗೆ ಹೋದದ್ದೇಕೆ, ಯಾವಾಗ, ಯಾರ ಜೊತೆ?

ಹೆಸರು ಸುಂದರಿ. ದಿನಾ ಬಡಿಯುತ್ತಿದ್ದ ಗಂಡನನ್ನು ಒಂದು ದಿನ ಕತ್ತಿಯಿಂದ ಕಡಿದಳು. ಕರಿನೀರಿನ ಶಿಕ್ಷೆಯಾಯಿತು. ಇಪ್ಪತ್ತರ ಹೆಣ್ಣು ಮದರಾಸಿನಲ್ಲಿ ಹಡಗು ಹತ್ತಿದಳು. ಹೆಂಗಸರ ಜೈಲಿನಲ್ಲಿ ಐದು ವರ್ಷ ನೂಲು ತೆಗೆದ ಮೇಲೆ, ಸಾಹೇಬರ ಅಪ್ಪಣೆ ಪಡೆದು ಪಂಜಾಬಿನ ಕೈದಿಯೊಬ್ಬನನ್ನು ಕಟ್ಟಿಕೊಂಡಳು. ಅವನು ಒಮ್ಮೆಯೂ ಕೈ ಎತ್ತಲಿಲ್ಲವಂತೆ. ಊರಿಗೆ ಮರಳಲಿಲ್ಲ, ತುಳು ಆಡಲು ಜನವೂ ಇರಲಿಲ್ಲ. ಮಗಳಿಗೆ ಒಂದೇ ಒಂದು ವಿಷಯ ಕಲಿಸಿದಳು: ನಮ್ಮ ಜನ ಸಿಕ್ಕಿದರೆ ಬಳಿ ಕೇಳುತ್ತಾರೆ, ಆಗ ಹೇಳು, ನಿನ್ನ ಮಗಳಿಗೂ ಕಲಿಸು. ತೊಂಬತ್ತು ವರ್ಷದಲ್ಲಿ ಯಾರೂ ಕೇಳಲೇ ಇಲ್ಲ ಎಂದು ರತ್ನಪ್ರಭಾ ನಕ್ಕಳು.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ವಾರಿಜಾಕ್ಷಿಯದು ಸುಮ್ಮನಿರುವ ಬಾಯಿಯೇ? ಕೇಳಿದಳು.

"ಸಾಲ್ಯಾನ್," ಎಂದಳು ರತ್ನಪ್ರಭಾ, ಪಾಠ ಒಪ್ಪಿಸುವ ಮಗುವಿನ ಹಾಗೆ.

ವಾರಿಜಾಕ್ಷಿಯದೂ ಸಾಲ್ಯಾನ್. ಭೋಜರಾಜನದೂ. ಕೇಳಿಸಿಕೊಂಡವಳು ತಾನೊಬ್ಬಳೇ, ನುಂಗಿಕೊಂಡರೆ ಮದುವೆ ನಡೆಯುತ್ತದೆ. ಆದರೆ ರತ್ನಪ್ರಭಾ, ಸರಿಯಾಗಿ ಹೇಳಿದೆನೇ ಎಂದು ಅವಳ ಮುಖವನ್ನೇ ನೋಡುತ್ತಿದ್ದಳು. ನಾಲ್ಕು ತಲೆಮಾರಿನ ಹೆಂಗಸರು ಜೋಪಾನ ಮಾಡಿದ ಉತ್ತರವನ್ನು ಕೇಳಿಸಲೇ ಇಲ್ಲವೆಂಬಂತೆ ಕೂರಲು ವಾರಿಜಾಕ್ಷಿಗೆ ಮನಸ್ಸು ಬರಲಿಲ್ಲ. ಕೈ ಹಿಡಿದುಕೊಂಡು, ಸರಿಯಾಗಿಯೇ ಹೇಳಿದೆ, ನೀನು ನಮ್ಮ ಮನೆಯವಳೇ ಎಂದಳು. ರತ್ನಪ್ರಭಾ ಸಂತೋಷಕ್ಕೆ ಅತ್ತೇಬಿಟ್ಟಳು.

ವಾರಿಜಾಕ್ಷಿಗೂ ಅಳು ಬಂತು, ಬೇರೆ ಕಾರಣಕ್ಕೆ. ಅಡುಗೆಮನೆಯತ್ತ ತಿರುಗಿದಳು.

"ಭೋಜ, ಚಾ ಆಮೇಲೆ ಮಾಡುವ ಮಾರಾಯ. ಒಮ್ಮೆ ಇಲ್ಲಿ ಬಾ. ಇವಳು ನಿನಗೆ ತಂಗಿ ಆಗಬೇಕು."