ಗುಡಾರದಲ್ಲಿ ಇಲ್ಲದ ಕುರ್ಚಿ

“ಹಾಗಾದ್ರೆ ಈ ಯಾಜಕರೆಲ್ಲ ಕೂರ್ತಿದ್ದುದು ಎಲ್ಲಿ?”

ಅಣ್ಣ ಕೇಳಿದ್ದು ನನ್ನನ್ನಲ್ಲ, ತಮ್ಮನನ್ನೂ ಅಲ್ಲ. ಅಂಗೈಯಷ್ಟು ಅಗಲದ ಯಜ್ಞವೇದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಗಾಳಿಯನ್ನೇ ಕೇಳಿದ ಹಾಗೆ ಕೇಳಿದ.

ನಮ್ಮದು ಮೂವರ ಬಡಗಿ ಅಂಗಡಿ. ಅಣ್ಣ ಕೊಯ್ಯುತ್ತಾನೆ, ತಮ್ಮ ಜೋಡಿಸುತ್ತಾನೆ, ನಾನು ಪಾಲಿಶ್ ಹಚ್ಚುತ್ತೇನೆ. ಇಸ್ರಾಯೇಲರು ಬಲಿ ಅರ್ಪಿಸುತ್ತಿದ್ದ ಗುಡಾರದ ಪುಟ್ಟ ಮಾದರಿಯೊಂದು ಚರ್ಚಿನ ಮಕ್ಕಳಿಗೆ ಬೇಕೆಂದು ಪಾಸ್ಟರ್ ಹೇಳಿ ಹೋಗಿದ್ದರು. ಅಳತೆಗಳೆಲ್ಲ ನನ್ನ ಬಾಯಲ್ಲೇ ಇದ್ದವು. ಅಪ್ಪ ಇದೇ ಅಂಗಡಿಯಲ್ಲಿ, ಉಳಿಯ ಪೆಟ್ಟಿನ ತಾಳಕ್ಕೆ, ನಮಗೆ ಬೈಬಲಿನ ವಾಕ್ಯಗಳನ್ನು ಬಾಯಿಪಾಠ ಮಾಡಿಸಿದ್ದರು.

ಆ ದಿನ ಬೆಳಗಿನಿಂದ ಅಣ್ಣನ ಮುಖ ಬಿಗಿದುಕೊಂಡಿತ್ತು. ಕಾರಣ ಮೂವರಿಗೂ ಗೊತ್ತು. ಆರು ವರ್ಷದ ಹಿಂದೆ ಅದೇ ತಾರೀಖಿನಂದು, ಕೆಲಸ ಬೇಗ ಸಾಗಲೆಂದು ಅಣ್ಣ ಗರಗಸದ ಯಂತ್ರದ ಕವಚ ಬಿಚ್ಚಿಟ್ಟಿದ್ದ, ಹೇಳಲು ಮರೆತ. ತಮ್ಮನ ಎಡಗೈಯ ಎರಡು ಬೆರಳು ಹೋದವು. ಅಂದಿನಿಂದ ಪ್ರತಿ ವರ್ಷ ಆ ದಿನ ಕೆಲಸ ಮುಗಿದ ಮೇಲೆ ಅಣ್ಣ ಅವನೆದುರು ನಿಂತು, “ಕ್ಷಮಿಸಿದೆ ಅಂತ ಒಂದ್ಮಾತು ಹೇಳೋ” ಅನ್ನುತ್ತಾನೆ. “ಕ್ಷಮಿಸಿದೆ ಅಣ್ಣ” ಅನ್ನುತ್ತಾನೆ ತಮ್ಮ. ಒಂದು ವಾರ ಅಣ್ಣನಿಗೆ ನಿದ್ದೆ ಬರುತ್ತದೆ. ಆಮೇಲೆ ಆ ಕೈ ಕಂಡಾಗಲೆಲ್ಲ ಮತ್ತೆ ಕಣ್ಣು ತಪ್ಪಿಸುತ್ತಾನೆ.

“ಇನ್ನೊಂದ್ಸಲ ಹೇಳು, ಒಳಗೆ ಹೊರಗೆ ಏನೇನಿದೆ?” ಎಂದು ಅಣ್ಣ ನನ್ನ ಕಡೆ ತಿರುಗಿದ.

“ಹೊರಗೆ ಯಜ್ಞವೇದಿ, ಕೈಕಾಲು ತೊಳೆಯೋ ತಾಮ್ರದ ತೊಟ್ಟಿ. ಒಳಗೆ ರೊಟ್ಟಿ ಇಡೋ ಮೇಜು, ದೀಪಸ್ತಂಭ, ಧೂಪವೇದಿ. ಪರದೆ ಆಚೆ ಮಂಜೂಷ, ದೇವರ ಆಜ್ಞೆಗಳನ್ನ ಇಟ್ಟ ಪೆಟ್ಟಿಗೆ.”

“ಕುರ್ಚಿ? ಸ್ಟೂಲು? ಒಂದು ಬೆಂಚಾದ್ರೂ?”

“ಇಲ್ಲ.”

“ಕೃಪಾಸನ ಇದೆಯಲ್ಲ,” ಎಂದ ತಮ್ಮ, ಅಂಟು ಹಚ್ಚುತ್ತ.

“ಅಯ್ಯೋ ಪೆದ್ದೇ, ಅದು ಮಂಜೂಷದ ಮುಚ್ಚಳ! ಅದರ ಮೇಲೆ ಕೂತ್ರೆ ಮಹಾಯಾಜಕನ ಕಥೆ ಅಲ್ಲೇ ಮುಗೀತು. ವರ್ಷಕ್ಕೊಂದು ದಿನ ಒಳಗೆ ಹೋಗಿ ರಕ್ತ ಚಿಮುಕಿಸಿ ಬರೋದು, ಮುಂದಿನ ವರ್ಷ ಮತ್ತೆ ಅದೇ. ಹೊರಗಡೆ ಬೆಳಗ್ಗೆ ಕುರಿ, ಸಂಜೆ ಕುರಿ, ನಾಳೆ ಮತ್ತೆ ಕುರಿ!” ಅಣ್ಣನ ದನಿ ಏರುತ್ತ ಹೋಯಿತು. “ಕೆಲಸ ಮುಗಿದವನು ತಾನೇ ಕೂರೋದು? ಇವರದ್ದು ಮುಗಿಯೋದೇ ಇಲ್ಲ!”

ನಾನು ಸಾವಿರ ಸಲ ಒಪ್ಪಿಸಿದ ಸಾಲು ಅಂದು ಮೊದಲ ಬಾರಿ ಕಿವಿಗೆ ಬಿತ್ತು.

“ಅಣ್ಣಾ, ಅಪ್ಪ ಹೇಳಿಕೊಟ್ಟಿದ್ರಲ್ಲ... ಯಾಜಕರು ದಿನಾ ನಿಂತೇ ಇರ್ತಾರೆ. ಕ್ರಿಸ್ತ ಒಂದೇ ಸಲ ತನ್ನನ್ನೇ ಅರ್ಪಿಸಿ, ಹೋಗಿ ದೇವರ ಬಲಗಡೆ ಕೂತ.”

“ಕೂತ!” ಅಣ್ಣ ಮೇಜು ಗುದ್ದಿದ ರಭಸಕ್ಕೆ ದೀಪಸ್ತಂಭ ಉರುಳಿತು. “ಕೂತ ನೋಡು! ಬಡಗಿ ಮನೇಲಿ ಬೆಳೆದವನು, ಯಾವಾಗ ಕೂರ್ಬೇಕು ಅಂತ ಗೊತ್ತಿಲ್ದೆ ಇರುತ್ತಾ!”

“ನಿಧಾನ ಅಣ್ಣ! ಏಳು ಕೊಂಬೆ ಅಂಟಿಸಿದ್ದು ಎಂಟೇ ಬೆರಳಲ್ಲಿ,” ಎಂದು ತಮ್ಮ ನಕ್ಕ.

ಅಣ್ಣನ ಹುರುಪು ಜರ್ರನೆ ಇಳಿಯಿತು. ತಮ್ಮ ಅದನ್ನು ನೋಡಿ ಅಂಟಿನ ಡಬ್ಬಿ ಪಕ್ಕಕ್ಕಿಟ್ಟ.

“ಒಂದ್ಮಾತು ಹೇಳ್ಲಾ? ಆ ಜನಾನ ಅಯ್ಯೋ ಪಾಪ ಅನ್ನಬೇಡ. ಕುರಿ ತಲೆ ಮೇಲೆ ಕೈಯಿಟ್ಟು ಅರ್ಪಿಸಿದ್ಮೇಲೆ ಕ್ಷಮೆ ಆಯ್ತು ಅಂದ್ರೆ ಆಯ್ತು. ಹಗುರಾಗಿ ಮನೆಗೆ ಹೋಗ್ತಿದ್ರು. ನೀನು ಆ ಗುಡಾರಕ್ಕೂ ಸೇರಲ್ಲ, ನಮ್ಮ ಚರ್ಚಿಗೂ ಸೇರಲ್ಲ. ವರ್ಷಾ ವರ್ಷಾ ಕೇಳ್ತೀಯ, ನಂಬೋದು ಮಾತ್ರ ಇಲ್ಲ.”

ಅಣ್ಣ ಕೈಯ ಮರದ ಪುಡಿಯನ್ನು ಪ್ಯಾಂಟಿಗೆ ಒರೆಸಿ, ಪ್ರತಿ ವರ್ಷ ನಿಲ್ಲುವ ಹಾಗೆ ತಮ್ಮನ ಎದುರು ಬಂದು ನಿಂತ.

“ನೀನು ಹೇಳೋದು ಸರಿ. ಎಲ್ಲಾ ಸರಿ. ಆದ್ರೂ ಇದೊಂದ್ಸಲ ಹೇಳಿಬಿಡೋ. ಮುಂದಿನ ವರ್ಷ ಕೇಳಲ್ಲ, ಆಣೆ.”

ತಮ್ಮ ಎದ್ದು ಎರಡೂ ಕೈಯಲ್ಲಿ ಅವನ ಭುಜ ಹಿಡಿದುಕೊಂಡ.

“ಕ್ಷಮಿಸಿದೆ ಅಂತ ಆಸ್ಪತ್ರೆ ಹಾಸಿಗೇಲೇ ಹೇಳಿದ್ನಲ್ಲ, ಅಲ್ಲಿಗೆ ಮುಗೀತು. ಇನ್ನು ಹೇಳಲ್ಲ ಅಣ್ಣ. ಇವತ್ತೂ ಹೇಳಲ್ಲ, ಯಾವತ್ತೂ ಹೇಳಲ್ಲ.”